ಘಾಟಿಯ ತಿರುವು ನುಂಗಿದ ಆ್ಯಪ್: ನಕ್ಷೆಯ ಗೆರೆ ಸರಳ ಮಾಡಿದಾಗ ಕಿಲೋಮೀಟರ್ ಎಲ್ಲಿ ಹೋಗುತ್ತೆ?

(ಸಂಚಿಕೆಯ ಬರಹ ರೂಪ. ಓದೋಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ, ಮಾತಿನ ಧಾಟಿ ಹಾಗೇ ಇದೆ.)

ಬಸ್ಸಲ್ಲಿ ಕೂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಇವತ್ತು ನಿಮ್ಮನ್ನ ಆಗುಂಬೆ ಘಾಟಿ ಇಳಿಸ್ತೀನಿ. ವಿಷಯ ಮಾತ್ರ ಟೂರಿಸಂ ಅಲ್ಲ, ಲೆಕ್ಕ.

ನನ್ನ ಚಿಕ್ಕಪ್ಪ ತೀರ್ಥಹಳ್ಳಿಯವರು. ಸ್ವಂತ ಟೆಂಪೋ ಇದೆ. ಒಂದು ಪಾರ್ಸೆಲ್ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ದಿನಾ ಉಡುಪಿಗೆ ಹೋಗಿ ಬರ್ತಾರೆ. ಕಿಲೋಮೀಟರಿಗೆ 14 ರೂಪಾಯಿ. ಮೂರು ತಿಂಗಳ ಹಿಂದೆ ಒಂದು ರಾತ್ರಿ ಫೋನ್ ಮಾಡಿದ್ರು.

"ನೀನು ಬಿ.ಕಾಂ. ಓದಿದವನಲ್ವ ಮಾರಾಯ, ಇದೊಂದು ಲೆಕ್ಕ ನೋಡು. ನನ್ನ ಗಾಡಿ ಮೀಟರ್‌ನಲ್ಲಿ ಒಂದು ಕಡೆಗೆ 92 ಕಿಲೋಮೀಟರ್ ಓಡಿದೆ. ಅವರ ಆ್ಯಪ್‌ನಲ್ಲಿ 86. ದಿನಾ ಹಿಂಗೇ. ಉಳಿದ 6 ಕಿಲೋಮೀಟರ್ ನಾನೇನು ಕನಸಲ್ಲಿ ಓಡಿಸಿದ್ನಾ?"

ಹೋಗಿ ಬರೋದು ಸೇರಿ ದಿನಕ್ಕೆ 12 ಕಿಲೋಮೀಟರ್ ವ್ಯತ್ಯಾಸ. ತಿಂಗಳಿಗೆ 25 ದಿನ ಅಂದ್ರೆ 300 ಕಿಲೋಮೀಟರ್. 14 ರೂಪಾಯಿಯಂತೆ ತಿಂಗಳಿಗೆ 4,200 ರೂಪಾಯಿ. ಟೆಂಪೋ ಇಟ್ಟುಕೊಂಡವರಿಗೆ ಇದು ಸಣ್ಣ ದುಡ್ಡಲ್ಲ.

ಕೇಳಿದ ತಕ್ಷಣ ನನಗೂ ಅನ್ನಿಸಿದ್ದು ಒಂದೇ: ಮೋಸ. ಆದರೆ ಆ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ಹತ್ತಿರ ಮಾತಾಡಿದ ಮೇಲೆ ಗೊತ್ತಾಯ್ತು, ಯಾರೂ ಬೇಕಂತ ಏನೂ ಮಾಡಿರಲಿಲ್ಲ. ಗಾಡಿಯಲ್ಲಿರೋ ಜಿಪಿಎಸ್ ಡಬ್ಬಿ ಸೆಕೆಂಡಿಗೊಂದು ಸಲ ತಾನೆಲ್ಲಿದ್ದೀನಿ ಅಂತ ನೋಡಿಕೊಳ್ಳುತ್ತೆ. ಡೇಟಾ ಉಳಿಸೋಕೆ ನಿಮಿಷಕ್ಕೊಂದನ್ನ ಮಾತ್ರ ಆಫೀಸಿಗೆ ಕಳಿಸುತ್ತೆ. ಸ್ಕ್ರೀನಲ್ಲಿ ಗಾಡಿ ಎಲ್ಲಿದೆ ಅಂತ ನೋಡೋಕೆ ಅಷ್ಟು ಸಾಕು. ಎಡವಟ್ಟಾಗಿದ್ದು ಆಮೇಲೆ. ನೋಡೋಕೆ ಅಂತ ಹಗುರ ಮಾಡಿದ ಅದೇ ಗೆರೆಯನ್ನ ಬಿಲ್ ಲೆಕ್ಕಕ್ಕೂ ಬಳಸಿದ್ರು.

ನಕ್ಷೆಯ ಗೆರೆಯನ್ನ ಹೀಗೆ ಹಗುರ ಮಾಡೋದಕ್ಕೆ ರೇಖೆಯ ಸರಳೀಕರಣ ಅಂತಾರೆ. ನಿಮ್ಮ ಫೋನಿನ ಪ್ರತಿ ಮ್ಯಾಪ್‌ನಲ್ಲೂ ಇದು ನಡೀತಾನೇ ಇರುತ್ತೆ. ಇದನ್ನ ಮಾಡೋ ವಿಧಾನಗಳು ಹಲವು. ಯಾವುದು ಒಳ್ಳೇದು, ಅದನ್ನ ಅಳೆಯೋದು ಹೇಗೆ, ಅನ್ನೋದೇ ಇವತ್ತಿನ ಸಂಚಿಕೆ.

ಗೆರೆ ಅಂದ್ರೆ ಚುಕ್ಕಿ

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಮೊದಲು ಚುಕ್ಕಿ ಇಡ್ತಾರೆ, ಆಮೇಲೆ ಸೇರಿಸ್ತಾರೆ. ಡಿಜಿಟಲ್ ನಕ್ಷೆಯ ಗೆರೆಯೂ ಹಾಗೇ. ರಸ್ತೆ, ನದಿ, ತಾಲ್ಲೂಕಿನ ಗಡಿ, ಯಾವುದೇ ಇರಲಿ, ಕಂಪ್ಯೂಟರ್ ಒಳಗೆ ಅದು ಸಾಲಾಗಿ ಬರೆದಿಟ್ಟ ಚುಕ್ಕಿಗಳ ಪಟ್ಟಿ. ಒಂದೊಂದು ಚುಕ್ಕಿಗೆ ಒಂದು ಅಕ್ಷಾಂಶ, ಒಂದು ರೇಖಾಂಶ. ಒಂದೇ ವ್ಯತ್ಯಾಸ ಅಂದ್ರೆ, ರಂಗೋಲಿಯಲ್ಲಿ ಕೈ ಬಳುಕಿಸಬಹುದು, ಇಲ್ಲಿ ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ. ತಿರುವು ತೋರಿಸಬೇಕಾದ್ರೆ ಹೆಚ್ಚು ಚುಕ್ಕಿ ಇಡಬೇಕು.

ಹೆಚ್ಚು ಚುಕ್ಕಿ ಅಂದ್ರೆ ಹೆಚ್ಚು ಭಾರ. ಚಿಕ್ಕಪ್ಪನ ಒಂದು ಪ್ರಯಾಣ 2 ಗಂಟೆ 40 ನಿಮಿಷ. ಸೆಕೆಂಡಿಗೊಂದು ಚುಕ್ಕಿ ಅಂದ್ರೆ 9,600 ಚುಕ್ಕಿ. ಚುಕ್ಕಿಗೆ 16 ಬೈಟ್ ಹಿಡಿದ್ರೆ ಸುಮಾರು 150 ಕೆಬಿ. ನಿಮಿಷಕ್ಕೊಂದು ಚುಕ್ಕಿ ಅಂದ್ರೆ 160 ಚುಕ್ಕಿ, ಬರೀ ಎರಡೂವರೆ ಕೆಬಿ. ಒಂದು ಗಾಡಿಗೆ ಇದು ಏನೂ ಅಲ್ಲ. ನೂರಾರು ಗಾಡಿ, ವರ್ಷಗಟ್ಟಲೆ ದಾಖಲೆ ಅಂದಾಗ ಖರ್ಚು ಕಾಣೋಕೆ ಶುರುವಾಗುತ್ತೆ.

ಇನ್ನೊಂದು ಕಾರಣ ನಿಮ್ಮ ಸ್ಕ್ರೀನ್. ಅಡ್ಡಲಾಗಿ 1,080 ಪಿಕ್ಸೆಲ್ ಇರೋ ಫೋನ್‌ನಲ್ಲಿ ಇಡೀ ಕರ್ನಾಟಕ ನೋಡ್ತಿದ್ದೀರಿ ಅಂದ್ಕೊಳ್ಳಿ. ಪೂರ್ವ-ಪಶ್ಚಿಮ ಸುಮಾರು 400 ಕಿಲೋಮೀಟರ್ ಅಂತ ಹಿಡಿದ್ರೆ ಒಂದು ಪಿಕ್ಸೆಲ್ ಅಂದ್ರೆ ಸುಮಾರು 370 ಮೀಟರ್. ಅದಕ್ಕಿಂತ ಸಣ್ಣ ತಿರುವು ಆ ಸ್ಕ್ರೀನಲ್ಲಿ ಕಾಣೋಕೆ ಸಾಧ್ಯವೇ ಇಲ್ಲ. ಕಾಣದ ಚುಕ್ಕಿಗಳನ್ನ ನಿಮ್ಮ ಡೇಟಾ ಪ್ಯಾಕ್ ಸುಟ್ಟು ಕಳಿಸೋದು ಯಾಕೆ? ಅದಕ್ಕೇ ದೂರದಿಂದ ನೋಡಿದಾಗ ಆ್ಯಪ್ ಒಂದು ಸರಳ ಗೆರೆ ಕೊಡುತ್ತೆ, ಝೂಮ್ ಮಾಡಿದಂತೆ ಬೇರೆ ಬೇರೆ ಗೆರೆ ಕೊಡುತ್ತಾ ಹೋಗುತ್ತೆ.

ಹಾಗಾಗಿ ಸರಳ ಮಾಡೋದೇ ತಪ್ಪಲ್ಲ. ಯಾವ ಚುಕ್ಕಿ ಇಟ್ಟುಕೊಳ್ಳಬೇಕು, ಯಾವುದನ್ನ ಬಿಡಬೇಕು, ಪ್ರಶ್ನೆ ಅದು.

ಚುಕ್ಕಿ ಬಿಡೋಕೆ ಮೂರು ದಾರಿ

ಮೊದಲನೇದು ಸೋಮಾರಿ ದಾರಿ. ಇಷ್ಟಕ್ಕೊಂದು ಚುಕ್ಕಿ ಇಟ್ಟುಕೋ, ಮಿಕ್ಕಿದ್ದು ಎಸಿ. ಹತ್ತಕ್ಕೊಂದು, ಅರವತ್ತಕ್ಕೊಂದು, ಎಷ್ಟಕ್ಕಾದ್ರೂ. ಚಿಕ್ಕಪ್ಪನ ಡಬ್ಬಿ ಮಾಡ್ತಿದ್ದದ್ದು ಇದೇ. ರಸ್ತೆ ನೇರ ಇದೆಯೋ, ತಿರುವಿದೆಯೋ, ಅದು ನೋಡೋದೇ ಇಲ್ಲ. ನೇರ ರಸ್ತೆಯಲ್ಲಿ ಬೇಡದ ಚುಕ್ಕಿ ಇಟ್ಟುಕೊಳ್ಳುತ್ತೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಬೇಕಾದ ಚುಕ್ಕಿಯನ್ನೇ ಬಿಡುತ್ತೆ. ಗಾಡಿ ಒಂದು ತಿರುವು ಸುತ್ತಿ ಕೆಳಗೆ ಬರೋ ಹೊತ್ತಿಗೆ ಮುಂದಿನ ಚುಕ್ಕಿ. ಎರಡರ ಮಧ್ಯೆ ನೇರ ಗೆರೆ. ಗಾಡಿ ರಸ್ತೆ ಬಿಟ್ಟು ಕಾಡಿನೊಳಗೆ ನೇರ ಇಳಿದ ಹಾಗೆ.

ಎರಡನೇದು ದಾರದ ದಾರಿ. ಗೆರೆಯ ಮೊದಲ ಚುಕ್ಕಿಗೂ ಕೊನೆಯ ಚುಕ್ಕಿಗೂ ಒಂದು ದಾರ ಬಿಗಿದು ಕಟ್ಟಿ. ಮಧ್ಯದ ಚುಕ್ಕಿಗಳಲ್ಲಿ ದಾರದಿಂದ ಅತಿ ದೂರ ಇರೋದು ಯಾವುದು ಅಂತ ನೋಡಿ. ಆ ದೂರ ನೀವು ಮೊದಲೇ ಇಟ್ಟ ಮಿತಿಗಿಂತ ಕಡಿಮೆ ಇದ್ರೆ ಮಧ್ಯದ ಎಲ್ಲವನ್ನೂ ಬಿಡಿ. ಹೆಚ್ಚಿದ್ರೆ ಆ ಚುಕ್ಕಿಯನ್ನ ಉಳಿಸಿ, ದಾರವನ್ನ ಅಲ್ಲಿ ಮಡಿಸಿ, ಎರಡೂ ಅರ್ಧಕ್ಕೆ ಇದೇ ಕೆಲಸ ಮತ್ತೆ ಮಾಡಿ. ಉರ್ಸ್ ರಾಮರ್ 1972ರಲ್ಲಿ, ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ 1973ರಲ್ಲಿ ಬೇರೆ ಬೇರೆಯಾಗಿ ಇದನ್ನ ಬರೆದರು. ನಕ್ಷೆಯವರು ಡಗ್ಲಸ್–ಪ್ಯೂಕರ್ ಅಂತಲೇ ಕರೀತಾರೆ. ಐವತ್ತು ವರ್ಷ ದಾಟಿದೆ, ಇವತ್ತಿಗೂ ಮ್ಯಾಪ್ ಸಾಫ್ಟ್‌ವೇರ್‌ಗಳಲ್ಲಿ ತುಂಬಾ ಬಳಕೆಯಲ್ಲಿರೋ ವಿಧಾನ ಇದು.

ಮೂರನೇದು ತ್ರಿಕೋನದ ದಾರಿ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಮಹೇಸ್ ವಿಶ್ವಲಿಂಗಂ ಮತ್ತು ಜೆ. ಡಿ. ವ್ಯಾಟ್ 1993ರಲ್ಲಿ ಕೊಟ್ಟಿದ್ದು. ಪ್ರತಿ ಚುಕ್ಕಿಯನ್ನೂ ಅದರ ಹಿಂದಿನ ಚುಕ್ಕಿ, ಮುಂದಿನ ಚುಕ್ಕಿ ಜೊತೆ ಸೇರಿಸಿ. ಒಂದು ತ್ರಿಕೋನ ಆಗುತ್ತೆ. ಯಾವ ಚುಕ್ಕಿಯ ತ್ರಿಕೋನದ ವಿಸ್ತೀರ್ಣ ಎಲ್ಲಕ್ಕಿಂತ ಸಣ್ಣದೋ ಅದನ್ನ ತೆಗೆಯಿರಿ. ಪಕ್ಕದವರ ತ್ರಿಕೋನ ಮತ್ತೆ ಲೆಕ್ಕ ಹಾಕಿ. ಮತ್ತೆ ಅತಿ ಸಣ್ಣದನ್ನ ತೆಗೆಯಿರಿ. ಬೇಕಾದಷ್ಟು ಉಳಿದಾಗ ನಿಲ್ಲಿಸಿ. ಮನೆ ಖಾಲಿ ಮಾಡುವಾಗ ಅತಿ ಕಡಿಮೆ ಬಳಕೆಯ ಸಾಮಾನಿನಿಂದ ಶುರು ಮಾಡ್ತೀವಲ್ಲ, ಹಾಗೆ.

ಎರಡನೇದಕ್ಕೂ ಮೂರನೇದಕ್ಕೂ ಏನು ವ್ಯತ್ಯಾಸ? ಒಂದು ಪುಟ್ಟ ಲೆಕ್ಕ ಮಾಡೋಣ, ಹೈಸ್ಕೂಲ್ ಗಣಿತ ಸಾಕು. ಒಂದು ಗೆರೆಯಲ್ಲಿ ಎರಡು ಉಬ್ಬು ಇವೆ. ಮೊದಲನೇದು ಚೂಪು: ಬುಡ 10 ಮೀಟರ್, ಎತ್ತರ 60 ಮೀಟರ್. ಎರಡನೇದು ಅಗಲ: ಬುಡ 200 ಮೀಟರ್, ಎತ್ತರ 20 ಮೀಟರ್. ದಾರದ ವಿಧಾನಕ್ಕೆ 30 ಮೀಟರ್ ಮಿತಿ ಕೊಟ್ಟರೆ ಚೂಪು ಉಬ್ಬು ಉಳಿಯುತ್ತೆ, ಅಗಲದ್ದು ಹೋಗುತ್ತೆ. ತ್ರಿಕೋನದ ವಿಧಾನದಲ್ಲಿ ಚೂಪಿನ ವಿಸ್ತೀರ್ಣ 300 ಚದರ ಮೀಟರ್, ಅಗಲದ್ದು 2,000. ಹಾಗಾಗಿ ಮೊದಲು ಹೋಗೋದು ಚೂಪು, ಉಳಿಯೋದು ಅಗಲದ್ದು. ಅದೇ ಗೆರೆ, ಅದೇ ಚುಕ್ಕಿಗಳು, ತೀರ್ಪು ಮಾತ್ರ ಪೂರ್ತಿ ಉಲ್ಟಾ.

ಈಗ ಆ ಚೂಪು ಉಬ್ಬು ಏನು ಅಂತ ಯೋಚನೆ ಮಾಡಿ. ಅದು ನಿಜವಾದ ಹೇರ್‌ಪಿನ್ ತಿರುವೂ ಆಗಿರಬಹುದು. ದಟ್ಟ ಮರಗಳ ಕೆಳಗೆ ಜಿಪಿಎಸ್ ತಪ್ಪಿ ಪಕ್ಕಕ್ಕೆ ಹಾರಿದ ಸುಳ್ಳು ಚುಕ್ಕಿಯೂ ಆಗಿರಬಹುದು. ಎರಡೂ ವಿಧಾನಕ್ಕೆ ಅದು ಗೊತ್ತಿಲ್ಲ. ದಾರದ ವಿಧಾನ ತಿರುವನ್ನೂ ಕಾಪಾಡುತ್ತೆ, ತಪ್ಪನ್ನೂ ಕಾಪಾಡುತ್ತೆ. ತ್ರಿಕೋನದ ವಿಧಾನ ತಪ್ಪನ್ನೂ ಒರೆಸುತ್ತೆ, ತಿರುವನ್ನೂ ಒರೆಸುತ್ತೆ. ಗೊತ್ತಿರಬೇಕಾದ್ದು ನಮಗೆ.

ಹಾಗಾದ್ರೆ ಯಾವುದು ಒಳ್ಳೇದು?

ಈ ಪ್ರಶ್ನೆಯ ಬೆನ್ನು ಹತ್ತಿ ಸಂಶೋಧಕರು ದಶಕಗಳನ್ನೇ ಕಳೆದಿದ್ದಾರೆ. 1985ರಲ್ಲಿ ಎಲೆನ್ ವೈಟ್ ಒಂದು ಚೆಂದದ ಪರೀಕ್ಷೆ ಮಾಡಿದ್ರು. ಗೆರೆಯ ಆಕಾರ ಹಿಡಿದಿಡೋಕೆ ಯಾವ ಚುಕ್ಕಿಗಳು ಮುಖ್ಯ ಅಂತ ಜನರನ್ನೇ ಕೇಳಿದ್ರು. ಆಮೇಲೆ ಯಾವ ವಿಧಾನ ಜನರ ಆಯ್ಕೆಗೆ ಹತ್ತಿರ ಬರುತ್ತೆ ಅಂತ ನೋಡಿದ್ರು. ಹೋಲಿಸಿದ ವಿಧಾನಗಳಲ್ಲಿ ಡಗ್ಲಸ್–ಪ್ಯೂಕರ್ ಗೆದ್ದಿತು. ತ್ರಿಕೋನದ ವಿಧಾನ ಆಗಿನ್ನೂ ಹುಟ್ಟಿರಲಿಲ್ಲ.

ಮರುವರ್ಷ, 1986ರಲ್ಲಿ, ರಾಬರ್ಟ್ ಮೆಕ್‌ಮಾಸ್ಟರ್ ಇನ್ನೊಂದು ಕಡೆಯಿಂದ ಬಂದರು. ಜನರ ಕಣ್ಣಿನ ಬದಲು ಗಣಿತದ ಅಳತೆಗಳು. ಉದ್ದ ಎಷ್ಟು ಬದಲಾಯ್ತು, ಗೆರೆ ಎಷ್ಟು ಸರಿಯಿತು, ಕೋನಗಳು ಎಷ್ಟು ಕಳೆದವು, ಹೀಗೆ ಹತ್ತಾರು. ಅವುಗಳಲ್ಲಿ ಅನೇಕ ಅಳತೆಗಳು ಸುತ್ತಿ ಬಳಸಿ ಒಂದೇ ಮಾತು ಹೇಳ್ತಿದ್ದವು ಅಂತ ತೋರಿಸಿ, ಬೆರಳೆಣಿಕೆಯಷ್ಟನ್ನ ಉಳಿಸಿಕೊಂಡರು.

1990ರಲ್ಲಿ ವಿಶ್ವಲಿಂಗಂ ಮತ್ತು ವ್ಯಾಟ್ ಗೆದ್ದ ಕುದುರೆಯನ್ನೇ ಮತ್ತೆ ಪರೀಕ್ಷೆಗೆ ನಿಲ್ಲಿಸಿದ್ರು. ಅಂಕಿ ನೋಡಿ ಸುಮ್ಮನಾಗಬೇಡಿ, ಗೆರೆಯನ್ನ ಚಿತ್ರ ಬಿಡಿಸಿ ನೋಡಿ ಅಂದ್ರು. ಚುಕ್ಕಿ ತುಂಬಾ ಕಡಿಮೆ ಮಾಡಿದಾಗ ಡಗ್ಲಸ್–ಪ್ಯೂಕರ್ ಗೆರೆ ಮುಳ್ಳು ಮುಳ್ಳಾಗಿ, ಆಕಾರ ಕೆಟ್ಟು ಕಾಣುತ್ತೆ ಅನ್ನೋದು ಅವರ ವಾದ. ತ್ರಿಕೋನದ ವಿಧಾನ ಬಂದಿದ್ದು ಅದಾಗಿ ಮೂರು ವರ್ಷಕ್ಕೆ.

ಅವರವರ ಅಳತೆಗೋಲಿನ ಮಟ್ಟಿಗೆ ಎಲ್ಲರೂ ಸರಿ. ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ಸಹಾಯ ಆಗಿದ್ದು ನಮ್ಮ ಕಾಮರ್ಸ್ ಪಾಠವೇ. ಕಂಪನಿ ಚೆನ್ನಾಗಿದೆಯಾ ಅಂತ ಕೇಳಿದ್ರೆ ಅಕೌಂಟೆಂಟ್ ಏನು ಕೇಳ್ತಾರೆ? ಯಾರಿಗೆ ಚೆನ್ನಾಗಿರಬೇಕು? ಸಾಲ ಕೊಟ್ಟ ಬ್ಯಾಂಕ್ ನೋಡೋ ಅನುಪಾತ ಬೇರೆ, ಷೇರು ಕೊಳ್ಳೋರು ನೋಡೋದು ಬೇರೆ. ಗೆರೆಗೂ ಅಷ್ಟೇ. ನಾನು ಓದಿ ತಿಳಿದದ್ದನ್ನ ಐದು ಪ್ರಶ್ನೆಗೆ ಇಳಿಸಿದ್ದೀನಿ.

1. ಎಷ್ಟು ಚುಕ್ಕಿ ಉಳಿದವು? ಇದು ಭಾರದ ಲೆಕ್ಕ.

2. ಅತಿ ಹೆಚ್ಚು ಅಂದ್ರೆ ಗೆರೆ ಎಷ್ಟು ದೂರ ಸರಿಯಿತು? ಇದಕ್ಕೆ ಹೌಸ್‌ಡಾರ್ಫ್ ದೂರ ಅಂತ ಹೆಸರು. ಒಂದೇ ಒಂದು ಜಾಗದಲ್ಲಿ ದೊಡ್ಡ ತಪ್ಪಾದ್ರೂ ಇದು ಹಿಡಿಯುತ್ತೆ. ನಿಮ್ಮ ಜಮೀನು ಆ ಜಾಗದಲ್ಲೇ ಇದ್ರೆ ನಿಮಗೆ ಬೇಕಾದ ಅಳತೆ ಇದೇ.

3. ಹಳೇ ಗೆರೆಗೂ ಹೊಸ ಗೆರೆಗೂ ಮಧ್ಯೆ ಎಷ್ಟು ವಿಸ್ತೀರ್ಣ ಸಿಕ್ಕಿಕೊಂಡಿದೆ? ಕೆರೆ, ಕಾಡು, ಗಡಿಗಳ ವಿಷಯದಲ್ಲಿ ಇದು ಮುಖ್ಯ.

4. ಉದ್ದ ಎಷ್ಟು ಬದಲಾಯ್ತು? ಚಿಕ್ಕಪ್ಪನ ಪ್ರಶ್ನೆ.

5. ನೆರೆಹೊರೆ ಸರಿ ಇದೆಯಾ? ಗೆರೆ ತನ್ನನ್ನೇ ತಾನು ದಾಟಿದೆಯಾ, ಪಕ್ಕದ ಗೆರೆಯ ಮೇಲೆ ಬಿದ್ದಿದೆಯಾ?

ಇವೆಲ್ಲದರ ಜೊತೆ ಒಂದು ಷರತ್ತೂ ಇದೆ. ಹೋಲಿಸುವಾಗ ಎರಡೂ ವಿಧಾನ ಅಷ್ಟೇ ಚುಕ್ಕಿ ಉಳಿಸುವಂತೆ ನೋಡಿಕೊಳ್ಳಬೇಕು. ಒಂದರ ಮಿತಿ ಇರೋದು ಮೀಟರ್‌ನಲ್ಲಿ, ಇನ್ನೊಂದರದ್ದು ಚದರ ಮೀಟರ್‌ನಲ್ಲಿ. ಎರಡಕ್ಕೂ 50 ಅಂತ ಹಾಕಿ ಹೋಲಿಸೋದು, ಒಂದು ವರ್ಷದ ಎಫ್‌ಡಿಯನ್ನ ಐದು ವರ್ಷದ ಚೀಟಿ ಜೊತೆ ಹೋಲಿಸಿದ ಹಾಗೆ.

ಟೆಂಪೋದಲ್ಲಿ ಒಂದು ಪರೀಕ್ಷೆ

ಓದಿದ್ದು ಸಾಕು ಅಂತ ಒಂದು ಬೆಳಗ್ಗೆ ಚಿಕ್ಕಪ್ಪನ ಟೆಂಪೋ ಹತ್ತಿದೆ. ಫೋನಲ್ಲಿ ಸೆಕೆಂಡಿಗೊಂದು ಚುಕ್ಕಿ ದಾಖಲಿಸೋ ಆ್ಯಪ್ ಆನ್ ಮಾಡಿ ಡ್ಯಾಶ್‌ಬೋರ್ಡ್ ಮೇಲಿಟ್ಟೆ. ಮನೆಗೆ ಬಂದು ಆ ಫೈಲನ್ನ ಮ್ಯಾಪ್‌ಶೇಪರ್‌ಗೆ ಹಾಕಿದೆ. ಇದು ಬ್ರೌಸರ್‌ನಲ್ಲೇ ಓಡೋ ಉಚಿತ ಸಾಧನ. ದಾರದ ವಿಧಾನ, ತ್ರಿಕೋನದ ವಿಧಾನ ಎರಡೂ ಅದರಲ್ಲಿವೆ. ಶೇಕಡಾವಾರು ಪಟ್ಟಿ ಎಳೆದ್ರೆ ಚುಕ್ಕಿ ಕಡಿಮೆಯಾಗೋದು ಕಣ್ಣೆದುರೇ ಕಾಣುತ್ತೆ. ಉದ್ದ ಅಳೆಯೋಕೆ ಕ್ಯೂಜಿಐಎಸ್ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್.

ಮೂರು ವಿಧಾನಕ್ಕೂ 160 ಚುಕ್ಕಿಯೇ ಕೊಟ್ಟೆ, ಅಂದ್ರೆ ಕಂಪನಿಯ ಡಬ್ಬಿ ಕಳಿಸೋ ಅಷ್ಟೇ. ಅರವತ್ತಕ್ಕೊಂದು ಚುಕ್ಕಿಯ ಗೆರೆ 86.2 ಕಿಲೋಮೀಟರ್ ಬಂತು. ಆಫೀಸಿನ ಅಂಕಿಗೆ ಹೆಚ್ಚುಕಮ್ಮಿ ತಾಳೆ ಆಯ್ತು. ತ್ರಿಕೋನದ ವಿಧಾನದಲ್ಲಿ 89.1. ದಾರದ ವಿಧಾನದಲ್ಲಿ 89.4. ಆದರೆ ಇದರಲ್ಲಿ ಒಂದು ಸುಳ್ಳೂ ಸೇರಿತ್ತು. ಘಾಟಿಯ ಕಾಡಿನಲ್ಲಿ ಒಂದು ಚುಕ್ಕಿ ರಸ್ತೆಯಿಂದ ಇನ್ನೂರು ಮೀಟರ್ ಆಚೆ ಹಾರಿತ್ತು. ದಾರದ ವಿಧಾನ ಅದನ್ನ ಜೋಪಾನವಾಗಿ ಉಳಿಸಿಕೊಂಡಿತ್ತು.

ನೋಡಿ, ಚುಕ್ಕಿಗಳ ಸಂಖ್ಯೆ ಮೂರರಲ್ಲೂ ಒಂದೇ, ಡೇಟಾ ಖರ್ಚೂ ಒಂದೇ. ಚುಕ್ಕಿ ಆರಿಸೋ ಬಗೆ ಬದಲಾಯಿಸಿದ್ದಕ್ಕೇ ಒಂದು ಕಡೆಗೆ ಮೂರು ಕಿಲೋಮೀಟರ್ ವಾಪಸ್ ಬಂತು.

ಹಾಗಂತ ಯಾವುದೂ ಪೂರ್ತಿ ವಾಪಸ್ ಕೊಡಲಿಲ್ಲ, ಗಮನಿಸಿದ್ರಾ? ಇದು ಆಕಸ್ಮಿಕ ಅಲ್ಲ. ಇವತ್ತಿನ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಚುಕ್ಕಿ ತೆಗೆದು ಸರಳ ಮಾಡಿದ ಗೆರೆ ಎಂದೂ ಮೂಲ ಗೆರೆಗಿಂತ ಉದ್ದ ಆಗಲ್ಲ. ತ್ರಿಕೋನದ ಎರಡು ಬದಿ ಸೇರಿದ್ರೆ ಮೂರನೇ ಬದಿಗಿಂತ ಯಾವಾಗಲೂ ಹೆಚ್ಚು ಅಂತ ಶಾಲೆಯಲ್ಲಿ ಓದಿದ್ವಲ್ಲ, ಅದೇ. ಮಧ್ಯದ ಚುಕ್ಕಿ ತೆಗೆದ್ರೆ ಎರಡು ಬದಿ ಬಿಟ್ಟು ಮೂರನೇ ಬದಿಯಲ್ಲಿ ಹೋದ ಹಾಗೆ.

ಲೆಕ್ಕದ ಪುಸ್ತಕದಲ್ಲಿ ಪೈಸೆಗಳನ್ನ ಹತ್ತಿರದ ರೂಪಾಯಿಗೆ ಸರಿಹೊಂದಿಸ್ತೀವಿ. ಒಮ್ಮೆ ಮೇಲಕ್ಕೆ ಹೋಗುತ್ತೆ, ಒಮ್ಮೆ ಕೆಳಕ್ಕೆ. ವರ್ಷದ ಕೊನೆಗೆ ಹೆಚ್ಚೂಕಡಿಮೆ ಸರಿಹೋಗುತ್ತೆ. ಗೆರೆ ಸರಳ ಮಾಡೋದು ಆ ತರಹದ್ದಲ್ಲ. ಪ್ರತಿ ಸಲ ಪೈಸೆ ಬಿಟ್ಟು ಬರೆದ ಹಾಗೆ, ಬರೀ ಕೆಳಮುಖ. ಕಿಲೋಮೀಟರ್ ಲೆಕ್ಕದಲ್ಲಿ ದುಡಿಯೋರಿಗೆ ಇದರಿಂದ ನಷ್ಟ ಮಾತ್ರ, ಅದೂ ತಿರುವು ಹೆಚ್ಚಿರೋ ಮಲೆನಾಡಿನವರಿಗೆ ಬಯಲುಸೀಮೆಯವರಿಗಿಂತ ಹೆಚ್ಚು. ಯಾರೂ ಮೋಸ ಮಾಡಬೇಕಿಲ್ಲ, ಗಣಿತವೇ ಒಂದು ಕಡೆ ವಾಲಿದೆ.

ದೇಶದ ಕರಾವಳಿಯೇ ಬೆಳೆಯಿತು

ಇದು ಟೆಂಪೋ ಲೆಕ್ಕಕ್ಕೆ ಮಾತ್ರ ಸೀಮಿತ ಅಂದ್ಕೋಬೇಡಿ. ಭಾರತದ ಕರಾವಳಿ ಎಷ್ಟು ಉದ್ದ ಅಂತ ಶಾಲೆಯಲ್ಲಿ ಏನು ಓದಿದ್ರಿ? 7,516.6 ಕಿಲೋಮೀಟರ್. ಕೇಂದ್ರ ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿಯಲ್ಲಿ ಆ ಅಂಕಿ 11,098.81 ಕಿಲೋಮೀಟರ್ ಆಗಿದೆ. ಶೇಕಡಾ 47ಕ್ಕೂ ಹೆಚ್ಚು ಏರಿಕೆ. ಸಮುದ್ರ ಹಿಂದೆ ಸರಿದಿಲ್ಲ, ಹೊಸ ರಾಜ್ಯ ಸೇರಿಲ್ಲ. 1970ರ ದಶಕದ ಅಳತೆಗೆ ಬಳಸಿದ್ದ ನಕ್ಷೆಯಲ್ಲಿ 1 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 45 ಕಿಲೋಮೀಟರ್. ಹೊಸ ಅಳತೆಯ ನಕ್ಷೆಗಳಲ್ಲಿ 1 ಸೆಂಟಿಮೀಟರ್ ಅಂದ್ರೆ ಎರಡೂವರೆ ಕಿಲೋಮೀಟರ್. ಹಳೇ ನಕ್ಷೆಯಲ್ಲಿ ಸರಳ ಮಾಡಿ ಬಿಟ್ಟಿದ್ದ ಕೊಲ್ಲಿ, ಅಳಿವೆ, ಹಿನ್ನೀರಿನ ಅಂಚುಗಳು ಈಗ ಲೆಕ್ಕಕ್ಕೆ ಬಂದವು.

ರಾಜ್ಯವಾರು ನೋಡಿದ್ರೆ ಇನ್ನೂ ಮಜಾ ಇದೆ. ಕರ್ನಾಟಕದ ಕರಾವಳಿ 280 ಇದ್ದದ್ದು 343.30 ಕಿಲೋಮೀಟರ್ ಆಯ್ತು. ಕೇರಳದ್ದು 569.7ರಿಂದ 600.15ಕ್ಕೆ, ಬರೀ ಶೇಕಡಾ 5ರಷ್ಟು. ಪಶ್ಚಿಮ ಬಂಗಾಳದ್ದು 157.5ರಿಂದ 721.02ಕ್ಕೆ, ನಾಲ್ಕೂವರೆ ಪಟ್ಟು. ಸುಂದರಬನದ ನೀರುದಾರಿಗಳ ನಕ್ಷೆ ಒಮ್ಮೆ ನೋಡಿ, ಯಾಕೆ ಅಂತ ಗೊತ್ತಾಗುತ್ತೆ. ಅಂಕುಡೊಂಕು ಹೆಚ್ಚಿದ್ದಷ್ಟೂ ಸರಳ ಗೆರೆ ಹೆಚ್ಚು ನುಂಗಿರುತ್ತೆ. ನೇರ ದಡದಲ್ಲಿ ನುಂಗೋಕೆ ಏನೂ ಇರಲ್ಲ.

ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನೋ ಬ್ರಿಟಿಷ್ ವಿಜ್ಞಾನಿ ಇದನ್ನ ಬಹಳ ಹಿಂದೆಯೇ ಗಮನಿಸಿದ್ರು. ಸ್ಪೇನ್ ತನ್ನ ಮತ್ತು ಪೋರ್ಚುಗಲ್ ನಡುವಿನ ಗಡಿ 987 ಕಿಲೋಮೀಟರ್ ಅಂತಿತ್ತು, ಪೋರ್ಚುಗಲ್ ಅದೇ ಗಡಿಯನ್ನ 1,214 ಅಂತಿತ್ತು. ಗಡಿ ಒಂದೇ, ಅಳತೆಯ ಕೋಲು ಬೇರೆ. ಈ ಕೆಲಸವನ್ನೇ ಎತ್ತಿಕೊಂಡು ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಕೇಳಿ ಪ್ರಸಿದ್ಧ ಲೇಖನ ಬರೆದರು. ಉತ್ತರ: ಕೋಲು ಎಷ್ಟುದ್ದ ಅಂತ ಮೊದಲು ಹೇಳಿ.

ಮರವಂತೆಯ ರಸ್ತೆ ಸಮುದ್ರಕ್ಕೆ ಬಿದ್ದರೆ

ಇನ್ನು ಐದನೇ ಪ್ರಶ್ನೆ, ನೆರೆಹೊರೆಯದ್ದು. ಉದ್ದ, ವಿಸ್ತೀರ್ಣ ಎಲ್ಲದರಲ್ಲೂ ಒಳ್ಳೇ ಅಂಕ ತೆಗೆದುಕೊಂಡ ಗೆರೆ ಕೂಡ ಇದರಲ್ಲಿ ಫೇಲ್ ಆಗಬಹುದು.

ಉಡುಪಿಯಿಂದ ಉತ್ತರಕ್ಕೆ ಹೋದ್ರೆ ಮರವಂತೆ ಸಿಗುತ್ತೆ. ರೀಲ್ಸ್‌ನಲ್ಲಾದ್ರೂ ನೋಡಿರ್ತೀರಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯದ ಸಣ್ಣ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66. ಈಗ ಕರಾವಳಿಯ ಗೆರೆ, ನದಿಯ ಗೆರೆ, ರಸ್ತೆಯ ಗೆರೆ ಮೂರನ್ನೂ ಬೇರೆ ಬೇರೆಯಾಗಿ ಸರಳ ಮಾಡಿ. ಒಂದೊಂದೂ ನೂರು ಮೀಟರ್ ಸರಿದರೆ ಸಾಕು. ಹೆದ್ದಾರಿ ಸಮುದ್ರದಲ್ಲಿರುತ್ತೆ, ಇಲ್ಲಾ ನದಿ ರಸ್ತೆ ದಾಟಿ ಬಂದಿರುತ್ತೆ. ಗೆರೆಗಳನ್ನ ಒಂದೊಂದಾಗಿ ನೋಡಿದ್ರೆ ತಪ್ಪು ಸಣ್ಣದು. ಒಟ್ಟಿಗೆ ನೋಡಿದ್ರೆ ನಕ್ಷೆಯೇ ಸುಳ್ಳು.

ಎರಡು ತಾಲ್ಲೂಕುಗಳ ನಡುವಿನ ಗಡಿಗೂ ಇದೇ ಕತೆ. ಪ್ರತಿ ತಾಲ್ಲೂಕನ್ನ ಬೇರೆ ಬೇರೆಯಾಗಿ ಸರಳ ಮಾಡಿದ್ರೆ ಮಧ್ಯೆ ಯಾರಿಗೂ ಸೇರದ ಬಿರುಕು, ಇಲ್ಲಾ ಇಬ್ಬರಿಗೂ ಸೇರಿದ ತುಂಡು ಹುಟ್ಟಬಹುದು. ಅದಕ್ಕೇ ಟೋಪೋಜೇಸನ್ ಅನ್ನೋ ಫೈಲ್ ರೂಪದಲ್ಲಿ ಇಬ್ಬರ ಗಡಿಯನ್ನ ಒಂದೇ ಸಲ ಬರೆದಿಟ್ಟು, ಇಬ್ಬರಿಗೂ ಅದನ್ನೇ ಕೊಡ್ತಾರೆ. ಎರಡು ಗದ್ದೆಗೆ ಒಂದೇ ಬದು ಇದ್ದ ಹಾಗೆ. ಬದು ಸರಿದ್ರೂ ಇಬ್ಬರಿಗೂ ಒಟ್ಟಿಗೇ ಸರಿಯುತ್ತೆ, ಮಧ್ಯೆ ಬಿರುಕು ಬೀಳಲ್ಲ.

ಚಿಕ್ಕಪ್ಪನ ಲೆಕ್ಕ ಏನಾಯ್ತು?

ನನ್ನ ಕಾಗದಗಳನ್ನ ಹಿಡಿದು ಚಿಕ್ಕಪ್ಪನ ಜೊತೆ ಆಫೀಸಿಗೆ ಹೋದೆ. ಹೋಗೋ ಮುಂಚೆ ನಮ್ಮ ಕಡೆಯ ಲೆಕ್ಕವನ್ನೂ ಆಡಿಟ್ ಮಾಡಬೇಕಿತ್ತು. ಸೆಕೆಂಡಿಗೊಂದು ಚುಕ್ಕಿಯ ಪೂರ್ತಿ ಗೆರೆ 93 ಕಿಲೋಮೀಟರ್ ಬಂದಿತ್ತು, ಅಂದ್ರೆ ಗಾಡಿ ಮೀಟರ್‌ಗಿಂತಲೂ ಹೆಚ್ಚು! ಪಾರ್ಸೆಲ್ ಇಳಿಸೋಕೆ ಗಾಡಿ ನಿಂತಾಗಲೂ ಜಿಪಿಎಸ್ ಚುಕ್ಕಿ ಸುಮ್ಮನಿರಲ್ಲ, ಆಚೀಚೆ ಕುಣಿಯುತ್ತಿರುತ್ತೆ. ಆ ಕುಣಿತವೂ ಉದ್ದಕ್ಕೆ ಸೇರುತ್ತೆ. ನಿಂತ ಹೊತ್ತಿನ ಚುಕ್ಕಿಗಳನ್ನೂ ಕಾಡಿಗೆ ಹಾರಿದ ಆ ಒಂದನ್ನೂ ತೆಗೆದ ಮೇಲೆ 91.3 ಉಳಿಯಿತು.

ಹಾಗಾದ್ರೆ ಗಾಡಿ ಮೀಟರ್ 92 ಅಂದಿದ್ದು? ಚಿಕ್ಕಪ್ಪ ಟೈರ್ ನೋಡಿ ನಕ್ಕರು. ಸವೆದ ಟೈರಿನ ಸುತ್ತಳತೆ ಕಡಿಮೆ. ಅದೇ ದೂರಕ್ಕೆ ಅದು ಹೆಚ್ಚು ಸಲ ತಿರುಗಬೇಕು. ಮೀಟರ್ ಎಣಿಸೋದು ತಿರುಗಿದ್ದನ್ನ.

"ಅಂದ್ರೆ ನನ್ನ ಮೀಟರ್ರೂ ಸುಳ್ಳು ಹೇಳ್ತಿತ್ತು ಅನ್ನು" ಅಂದ್ರು.

"ಸ್ವಲ್ಪ, ಚಿಕ್ಕಪ್ಪ. ಅವರದ್ದು ಜಾಸ್ತಿ" ಅಂದೆ.

ಆಫೀಸಿನವರು ಮೊದಲು ಒಪ್ಪಲಿಲ್ಲ. ಕಂಪ್ಯೂಟರ್ ಹೇಳಿದ್ದು ತಪ್ಪಾಗೋಕೆ ಹೇಗೆ ಸಾಧ್ಯ ಅಂದ್ರು. ನಾನು ಜಗಳ ಮಾಡಲಿಲ್ಲ. ಅವರದ್ದೇ ಸ್ಕ್ರೀನಲ್ಲಿ ಘಾಟಿಯ ಜಾಗಕ್ಕೆ ಝೂಮ್ ಮಾಡಿ ತೋರಿಸಿದೆ. ಅವರ ಗೆರೆ ತಿರುವುಗಳನ್ನೆಲ್ಲ ಬಿಟ್ಟು ಕಾಡಿನ ಮೇಲೆ ನೇರ ಇಳಿದಿತ್ತು. "ಇಲ್ಲಿ ಗಾಡಿ ಹಾರಿತ್ತಾ ಸಾರ್?" ಅಂತ ಚಿಕ್ಕಪ್ಪ ಕೇಳಿದ್ರು. ಅಲ್ಲಿಗೆ ಮಾತು ಮುಗಿಯಿತು.

ದಾರಿ ದಿನಾ ಅದೇ. ಹಾಗಾಗಿ ಒಂದು ಕಡೆಗೆ 91 ಕಿಲೋಮೀಟರ್ ಅಂತ ಎರಡೂ ಕಡೆಯವರು ಒಪ್ಪಿ ಬರೆದುಕೊಂಡರು. ಗೆರೆ ಇನ್ನು ಗಾಡಿ ಎಲ್ಲಿದೆ ಅಂತ ನೋಡೋಕೆ ಮಾತ್ರ. 86ರ ಬದಲು 91 ಅಂದ್ರೆ ತಿಂಗಳಿಗೆ 3,500 ರೂಪಾಯಿ ಹೆಚ್ಚು. ಮೊದಲು ಕೇಳಿದ್ದ 4,200ರಲ್ಲಿ ಉಳಿದ 700 ಟೈರಿನ ಪಾಲು. ಹಳೇ ತಿಂಗಳುಗಳ ಬಾಕಿ ಸಿಗಲಿಲ್ಲ. ಬಿಲ್ಲಿಗೆ ಸಹಿ ಹಾಕಿ ಆಗಿತ್ತು.

ನೀವು ಡೆಲಿವರಿ ಮಾಡ್ತಿರಬಹುದು, ಕ್ಯಾಬ್ ಓಡಿಸ್ತಿರಬಹುದು, ಬೆಳಗ್ಗೆ ಓಡೋಕೆ ಹೋಗಿ ಆ್ಯಪ್‌ನಲ್ಲಿ ದೂರ ನೋಡ್ತಿರಬಹುದು. ನಕ್ಷೆಯ ಮೇಲಿನ ಗೆರೆಯಿಂದ ಯಾರಾದ್ರೂ ಒಂದು ಅಂಕಿ ತೆಗೆದು ನಿಮ್ಮ ಮುಂದಿಟ್ಟಾಗ ಎರಡು ಪ್ರಶ್ನೆ ಕೇಳಿ. ಈ ಗೆರೆಯಲ್ಲಿ ಎಷ್ಟಕ್ಕೊಂದು ಚುಕ್ಕಿ ಇದೆ? ಇದನ್ನ ಮಾಡಿದ್ದು ನೋಡೋಕಾ, ಅಳೆಯೋಕಾ? ಉತ್ತರ ಬರದಿದ್ರೆ ಝೂಮ್ ಮಾಡಿ. ತಿರುವಿರೋ ಕಡೆ ಗೆರೆ ರಸ್ತೆ ಮೇಲಿದೆಯಾ ನೋಡಿ. ಕಣ್ಣಿಗೆ ಕಾಣೋ ಸಾಕ್ಷಿ ಅದು, ಅದನ್ನ ಓದೋಕೆ ಡಿಗ್ರಿ ಬೇಕಿಲ್ಲ.

ನಿಮ್ಮ ಕಡೆಯ ಘಾಟಿಯಲ್ಲಿ ಗೆರೆ ಎಲ್ಲಿ ಕಾಡಿಗೆ ಇಳಿದಿದೆ ಅಂತ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. ಅಂದ ಹಾಗೆ, ಚಿಕ್ಕಪ್ಪ ಟೈರ್ ಬದಲಾಯಿಸಿದ್ರು. ಮೊದಲ ತಿಂಗಳ ಹೆಚ್ಚುವರಿ ದುಡ್ಡು ಪೂರ್ತಿ ಅದಕ್ಕೇ ಹೋಯ್ತಂತೆ.